ತೆಳು ಹಾಳೆಯಲ್ಲಿ ಕಂಡ ಕಾಂತತ್ವ ಹಾಳೆಯದೋ, ಕಬ್ಬಿಣದ್ದೋ?

ಪ್ರಶ್ನೆ: ಮೇಡಂ, ನಾನು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಕಂಪನಿಯಿಂದ ತರಿಸಿದ ಮಾಲಿಬ್ಡಿನಂ ಡೈಸಲ್ಫೈಡ್ ಪುಡಿಯನ್ನು (ಲೇಬಲ್ ಮೇಲೆ ಶುದ್ಧತೆ 99% ಎಂದಿದೆ) ಎನ್‌ಎಂಪಿ ದ್ರಾವಕದಲ್ಲಿ ಪ್ರೋಬ್ ಸೋನಿಕೇಟರ್‌ನಿಂದ (ಶ್ರವಣಾತೀತ ಅಲೆಗಳ ಯಂತ್ರ) ತೆಳು ಹಾಳೆಗಳಾಗಿ ಬಿಡಿಸಿದೆ. ಎಎಫ್‌ಎಂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನವು ಮೂರರಿಂದ ಆರು ಪದರದವು. ಮೂಲ ಪುಡಿ ವಿಎಸ್‌ಎಂನಲ್ಲಿ (ಕಾಂತತ್ವ ಅಳೆಯುವ ಯಂತ್ರ) ಡಯಾಮ್ಯಾಗ್ನೆಟಿಕ್, ಅಂದರೆ ಕಾಂತಕ್ಷೇತ್ರವನ್ನು ತುಸು ವಿರೋಧಿಸುವಂಥದ್ದು. ಹಾಳೆಗಳು ಮಾತ್ರ ಕೋಣೆಯ ತಾಪಮಾನದಲ್ಲೇ ಅಯಸ್ಕಾಂತದಂತೆ ಹಿಸ್ಟರಿಸಿಸ್ ಲೂಪ್ (ಕ್ಷೇತ್ರ ಏರಿಸುವಾಗ ಒಂದು, ಇಳಿಸುವಾಗ ಇನ್ನೊಂದು ದಾರಿ ಹಿಡಿಯುವ ರೇಖೆ) ಕೊಡುತ್ತಿವೆ. ಹಿನ್ನೆಲೆ ಕಳೆದ ಮೇಲೆ ಸ್ಯಾಚುರೇಶನ್ (ಏರಬಹುದಾದ ಗರಿಷ್ಠ ಕಾಂತತ್ವ) ಗ್ರಾಂಗೆ 0.005 ಇಎಂಯು, ಕೊಯರ್ಸಿವಿಟಿ (ಕಾಂತತ್ವವನ್ನು ಸೊನ್ನೆಗೆ ತರಲು ಬೇಕಾದ ವಿರುದ್ಧ ಕ್ಷೇತ್ರ) ಸುಮಾರು 150 ಓರ್‌ಸ್ಟೆಡ್. ಸ್ಯಾಂಪಲ್ ತೂಕ 10 ಮಿಲಿಗ್ರಾಂ. ಎಕ್ಸ್-ರೇ ಪರೀಕ್ಷೆಗಳಾದ ಎಕ್ಸ್‌ಆರ್‌ಡಿಯಲ್ಲಾಗಲಿ (ಸ್ಫಟಿಕ ರಚನೆ ನೋಡುವುದು) ಇಡಿಎಸ್‌ನಲ್ಲಾಗಲಿ (ಧಾತುಗಳನ್ನು ಗುರುತಿಸುವುದು) ಕಬ್ಬಿಣ ಇಲ್ಲ. ಗಂಧಕದ ಪರಮಾಣು ಕಳಚಿಹೋದ ಖಾಲಿ ಜಾಗಗಳಿಂದ ಬಂದ ಕಾಂತತ್ವ ಅಂತ ಪೇಪರ್ ಬರೆಯೋಣ ಎನ್ನುತ್ತಾರೆ ಗೈಡ್. ಸೀನಿಯರ್ ಒಬ್ಬರು ಇದೆಲ್ಲ ಕೊಳೆ, ಎರಡು ಆಯಾಮದಲ್ಲಿ ಕಾಂತತ್ವ ಇರೋಕೇ ಸಾಧ್ಯವಿಲ್ಲ ಅಂತ ಪ್ರಮೇಯವೇ ಇದೆ ಎನ್ನುತ್ತಾರೆ. ನಮ್ಮಲ್ಲಿ ತಣ್ಣಗಿನ ಅಳತೆಗೆ ಸೌಲಭ್ಯವಿಲ್ಲ. ಉಳಿದಿರುವುದು ಒಂದು ವರ್ಷ. ಸಮ್ಮೇಳನವೊಂದಕ್ಕೆ ಸಾರಾಂಶ ಕಳಿಸಿಯೂ ಆಗಿದೆ. ಏನು ಮಾಡಲಿ?

ಉತ್ತರ: ನಿಮಗೆ ಹೆದರಿಕೆ ಇರುವುದು ಎರಡು ಕಡೆಯಿಂದ. ಬರೆದರೆ ನಾಳೆ ತಪ್ಪು ಎಂದಾಗಬಹುದು, ಬರೆಯದಿದ್ದರೆ ಮೂರು ವರ್ಷದ ಕೆಲಸ ನೀರಿಗೆ ಹೋಗಬಹುದು. ಕಾಂತೀಯ ಅಳತೆಯ ಪ್ರಯೋಗಾಲಯವನ್ನು ಬಹಳ ಕಾಲ ನೋಡಿಕೊಂಡವಳು ನಾನು. ಇದೇ ಬಗೆಯ ಲೂಪ್ ಹಿಡಿದು ಬಂದವರಲ್ಲಿ ನೀವು ಮೊದಲಿಗರಲ್ಲ. ನನ್ನ ಅಂದಾಜನ್ನು ಮೊದಲೇ ಹೇಳಿಬಿಡುತ್ತೇನೆ: ಈ ಲೂಪ್ ನಿಮ್ಮ ಹಾಳೆಗಳದ್ದಾಗಿರುವ ಸಂಭವ ಕಡಿಮೆ. ಆದರೆ ನಿಮ್ಮ ಸೀನಿಯರ್ ಕೊಟ್ಟ ಕಾರಣವೂ ಸರಿಯಲ್ಲ. ಗೈಡ್, ಸೀನಿಯರ್ ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು.

ಲೂಪಿನ ಆಕಾರ ಬಿಡಿ, ಮೊದಲು ಅದರ ಗಾತ್ರ ನೋಡೋಣ. ಪೇಪರ್‌ಗಳಲ್ಲಿ ಎಲ್ಲರೂ ಗ್ರಾಂಗೆ ಇಷ್ಟು ಎಂದು ಭಾಗಿಸಿ ಕೊಡುತ್ತಾರೆ, ಯಂತ್ರ ಅಳೆಯುವುದು ಒಟ್ಟು ಮೊತ್ತವನ್ನು. ನಿಮ್ಮ 0.005ನ್ನು 10 ಮಿಲಿಗ್ರಾಂನಿಂದ ಗುಣಿಸಿದರೆ 0.00005 ಇಎಂಯು ಬರುತ್ತದೆ. ವಿಎಸ್‌ಎಂ ನಿಜವಾಗಿ ಕಂಡಿದ್ದು ಇಷ್ಟೇ. ಕೋಣೆಯ ತಾಪಮಾನದಲ್ಲಿ ಶುದ್ಧ ಕಬ್ಬಿಣದ ಸ್ಯಾಚುರೇಶನ್ ಗ್ರಾಂಗೆ ಸುಮಾರು 218 ಇಎಂಯು. ಹಾಗಾದರೆ ನಿಮ್ಮ ಇಡೀ ಲೂಪನ್ನು ಬರೆಯಲು ಎಷ್ಟು ಕಬ್ಬಿಣ ಬೇಕು? 0.23 ಮೈಕ್ರೋಗ್ರಾಂ. 10 ಮಿಲಿಗ್ರಾಂ ಪುಡಿಯಲ್ಲಿ ಅದು ದಶಲಕ್ಷಕ್ಕೆ 23 ಭಾಗ. ಒಂದೇ ತುಣುಕಾಗಿ ಇದ್ದರೆ ಅದರ ಬದಿ 30 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಅರ್ಧದಷ್ಟು. ಕಬ್ಬಿಣವಲ್ಲ, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಎಂದುಕೊಂಡರೆ (ಗ್ರಾಂಗೆ ಸುಮಾರು 92 ಇಎಂಯು) ಅರ್ಧ ಮೈಕ್ರೋಗ್ರಾಂ ಸಾಕು. ಕಣ್ಣಿಗೆ ಬಿದ್ದರೂ ದೂಳಿನ ಚುಕ್ಕೆ ಎಂದು ಬಿಟ್ಟುಬಿಡುವಂಥದ್ದು.

ಇನ್ನು ಇಡಿಎಸ್ ವಿಚಾರ. ಅದು ಹಿಡಿಯುವುದು ತೂಕದಲ್ಲಿ ಸುಮಾರು 0.1 ಶೇಕಡಾ ದಾಟಿದ ಮೇಲೆ, ಅಂದರೆ ದಶಲಕ್ಷಕ್ಕೆ ಸಾವಿರ ಭಾಗ ಇದ್ದಾಗ. ನಿಮ್ಮ ಲೂಪಿಗೆ ಬೇಕಾದ ಕಬ್ಬಿಣ ಅದರ ನಲವತ್ತನೇ ಒಂದು ಪಾಲು. ಎಕ್ಸ್‌ಆರ್‌ಡಿಗೆ ಇನ್ನೂ ಹೆಚ್ಚು ಬೇಕು, ಶೇಕಡಾ ಒಂದೆರಡರ ಹತ್ತಿರ. ಮೇಲ್ಮೈಯ ಧಾತುಗಳನ್ನು ನೋಡುವ ಎಕ್ಸ್‌ಪಿಎಸ್ ಕೂಡ ಇಲ್ಲಿ ಕೈಕೊಡುತ್ತದೆ. ಹಾಗಾಗಿ “ಎಕ್ಸ್‌ಆರ್‌ಡಿಯಲ್ಲಿ ಕಬ್ಬಿಣದ ಪೀಕ್ ಕಾಣಲಿಲ್ಲ, ಆದ್ದರಿಂದ ಕಾಂತತ್ವ ಸ್ಯಾಂಪಲಿನದೇ” ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ. ಈ ವಾಕ್ಯ ಇರುವ ಪೇಪರ್‌ಗಳಿಗೆ ಬರವಿಲ್ಲ ಎಂಬುದು ನನಗೂ ಗೊತ್ತು. ಅಳತೆಯ ಸೂಕ್ಷ್ಮತೆಯಲ್ಲಿ ವಿಎಸ್‌ಎಂ ಇವೆಲ್ಲವನ್ನೂ ಮೀರಿಸುತ್ತದೆ, ತೊಂದರೆಯ ಮೂಲವೂ ಅದೇ. ನಿಮ್ಮ ಪ್ರಯೋಗಾಲಯದಲ್ಲಿರುವ ಅತ್ಯಂತ ಸೂಕ್ಷ್ಮ ಕಬ್ಬಿಣ ಪತ್ತೆ ಯಂತ್ರ ವಿಎಸ್‌ಎಂ!

ಕೊಯರ್ಸಿವಿಟಿಯೂ ಅದೇ ಕಡೆಗೆ ಬೆರಳು ತೋರಿಸುತ್ತದೆ. 100ರಿಂದ 200 ಓರ್‌ಸ್ಟೆಡ್, ಕೆಲವು ಸಾವಿರ ಓರ್‌ಸ್ಟೆಡ್‌ನೊಳಗೆ ಸ್ಯಾಚುರೇಶನ್: ಇದು ಕಬ್ಬಿಣದ ಮತ್ತು ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳಲ್ಲಿ ಸಾಮಾನ್ಯವಾಗಿ ಕಾಣುವ ನಡವಳಿಕೆ. ಸಾಕ್ಷಿ ಅನ್ನುವಷ್ಟಲ್ಲ, ಅನುಮಾನಕ್ಕೆ ಸಾಕು.

ಕಬ್ಬಿಣ ಬರುವುದೆಲ್ಲಿಂದ?

ಮೂಲ ಪುಡಿ ಡಯಾಮ್ಯಾಗ್ನೆಟಿಕ್ ಅಂದಿದ್ದೀರಿ. ಅದನ್ನು ಮತ್ತೊಮ್ಮೆ ನೋಡಿ. ಹಾಳೆಗಳ ಅಳತೆಯಲ್ಲಿ ಡಯಾಮ್ಯಾಗ್ನೆಟಿಕ್ ಹಿನ್ನೆಲೆಯ ಇಳಿಜಾರು ರೇಖೆಯನ್ನು ಕಳೆದಿದ್ದೀರಿ, ಮೂಲ ಪುಡಿಯದರಲ್ಲಿ ಕಳೆದಿದ್ದೀರಾ? ಕಳೆಯದೆ ಇದ್ದರೆ ದೊಡ್ಡ ಇಳಿಜಾರಿನ ಕೆಳಗೆ ಸಣ್ಣ ಲೂಪ್ ಅಡಗಿ ಕುಳಿತಿರುತ್ತದೆ. ಎರಡಕ್ಕೂ ಒಂದೇ ತೂಕ, ಒಂದೇ ಕ್ಯಾಪ್ಸೂಲ್, ಒಂದೇ ಕಳೆಯುವ ಕ್ರಮ ಇರಲಿ. ಸೊನ್ನೆಯ ಆಚೀಚೆ ಸಾವಿರ ಓರ್‌ಸ್ಟೆಡ್ ಭಾಗವನ್ನು ಹಿಗ್ಗಿಸಿ ನೋಡಿ. ಮಾಲಿಬ್ಡಿನೈಟ್ (ನೈಸರ್ಗಿಕ ಮಾಲಿಬ್ಡಿನಂ ಡೈಸಲ್ಫೈಡ್) ಗಣಿಯಿಂದ ಬರುವ ಖನಿಜ, ಪೈರೈಟಿನಂಥ ಕಬ್ಬಿಣದ ಖನಿಜಗಳ ಸಂಗ ಅದಕ್ಕೆ ಹೊಸದಲ್ಲ. 99% ಎಂದರೆ ಉಳಿದ ಒಂದು ಶೇಕಡಾ ದಶಲಕ್ಷಕ್ಕೆ ಹತ್ತು ಸಾವಿರ ಭಾಗ. ಅದರಲ್ಲಿ 23 ಕಬ್ಬಿಣವಾಗಿದ್ದರೆ ಆಶ್ಚರ್ಯವೇನು? 99.99% ಬಾಟಲಿಯಲ್ಲೂ ನೂರು ಭಾಗಕ್ಕೆ ಜಾಗವಿದೆ.

ನಿಜವಾಗಿಯೂ ಮೂಲ ಪುಡಿಯಲ್ಲಿ ಲೂಪ್ ಇಲ್ಲದಿದ್ದರೆ ನಡುವಿನ ಕೆಲಸದಲ್ಲಿ ಬಂದಿರಬೇಕು. ನಾನು ಮೊದಲು ಕೇಳುವುದು ಮ್ಯಾಗ್ನೆಟಿಕ್ ಬೀಡ್ ಬಗ್ಗೆ. ಸ್ಟರರ್ ಮೇಲೆ ತಿರುಗುವ ಆ ಬಿಳಿ ಬೀಡ್ ಒಳಗೆ ಅಯಸ್ಕಾಂತ, ಹೊರಗೆ ಟೆಫ್ಲಾನ್. ಇಡೀ ವಿಭಾಗ ಒಂದೇ ಡಬ್ಬಿಯಿಂದ ಎತ್ತಿಕೊಳ್ಳುತ್ತದೆ. ನಿಮ್ಮ ಪಕ್ಕದ ಮೇಜಿನವರು ಫೆರೈಟ್ (ಕಬ್ಬಿಣದ ಆಕ್ಸೈಡಿನ ಕಾಂತೀಯ ವಸ್ತು) ಮಾಡುತ್ತಿದ್ದರೆ ಅವರ ಕಣಗಳು ಆ ಬೀಡಿನ ಗೀರುಗಳಲ್ಲಿ ಕುಳಿತಿರುತ್ತವೆ. ಹಳೆಯ ಬೀಡ್ ಒಂದನ್ನು ಬೆಳಕಿಗೆ ಹಿಡಿದು ನೋಡಿ, ಎರಡೂ ತುದಿಯಲ್ಲಿ ಬೂದು ಬಣ್ಣ ಕಂಡರೆ ಅದನ್ನು ಎಸೆಯಿರಿ. ಎಷ್ಟು ತೊಳೆದರೂ ಅದು ಬಿಡುವುದಿಲ್ಲ.

ಆಮೇಲೆ ಚಿಮಟ ಮತ್ತು ಸ್ಪ್ಯಾಚುಲಾ. 304 ಸ್ಟೀಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೆ ಬಗ್ಗಿಸಿದ, ತಿಕ್ಕಿದ, ಕತ್ತರಿಸಿದ ಭಾಗದಲ್ಲಿ ಅದರ ಸ್ಫಟಿಕ ರಚನೆ ಬದಲಾಗಿ ಕಾಂತೀಯವಾಗುತ್ತದೆ. ಚಿಮಟದ ತುದಿ, ಸ್ಪ್ಯಾಚುಲಾದ ಅಂಚು ಅಂಥ ಭಾಗಗಳೇ. ಫಿಲ್ಟರ್ ಹೋಲ್ಡರಿನ ಸ್ಟೀಲ್ ಜಾಲರಿ, ತುಕ್ಕು ಹಿಡಿದ ಓವನ್ ತಟ್ಟೆ, ಕಡಿಮೆ ದರ್ಜೆಯ ಆಮ್ಲ ಇವೂ ಪಟ್ಟಿಯಲ್ಲಿವೆ. ಬಾಟಲಿಯಲ್ಲಿ ಹಳದಿಯಾಗಿ ಕಾಣುವ ಕೈಗಾರಿಕಾ ದರ್ಜೆಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಆ ಬಣ್ಣ ಕೊಡುವುದೇ ಕಬ್ಬಿಣದ ಕ್ಲೋರೈಡ್. ಇನ್ನು ಕಿಟಕಿ ತೆರೆದಿಟ್ಟು ಪುಡಿ ಒಣಗಿಸುವ ಅಭ್ಯಾಸವಿದ್ದರೆ ನಮ್ಮ ಊರುಗಳ ಕೆಂಪು ದೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಕೆಂಪು ಕಬ್ಬಿಣದ ಆಕ್ಸೈಡಿನದ್ದು. ಮರಳಿನಲ್ಲಿ ಅಯಸ್ಕಾಂತ ಎಳೆದು ಕಪ್ಪು ಪುಡಿ ಕೂಡಿಹಾಕದ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ?

ಇದು ನಿಮ್ಮಂಥ ಸಣ್ಣ ಪ್ರಯೋಗಾಲಯಗಳ ಕಷ್ಟ ಮಾತ್ರ ಎಂದುಕೊಳ್ಳಬೇಡಿ. 2004ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಗುಂಪು ಹ್ಯಾಫ್ನಿಯಂ ಆಕ್ಸೈಡಿನ ತೆಳು ಪೊರೆಯಲ್ಲಿ ಕಾಂತತ್ವ ಇದೆ ಎಂದು ‘ನೇಚರ್’ನಲ್ಲಿ ಬರೆಯಿತು. ಮರುವರ್ಷ ಐಬಿಎಂ ವಿಜ್ಞಾನಿಗಳು ಅದೇ ಪೊರೆಗಳನ್ನು ಎಚ್ಚರದಿಂದ ಮಾಡಿ ಅಳೆದರು, ಏನೂ ಸಿಗಲಿಲ್ಲ. ಸ್ಟೀಲ್ ಚಿಮಟದಿಂದ ಹಿಡಿದಾಗ ಮಾತ್ರ ಅಂಥದೇ ಸಂಕೇತ ಬಂತು. ಇನ್ನೊಂದು ಪ್ರಸಂಗ ಇಂಗಾಲದ್ದು. ಒತ್ತಡ ಹಾಕಿ ಜೋಡಿಸಿದ ಫುಲ್ಲರೀನ್ (ಚೆಂಡಿನಾಕಾರದ ಇಂಗಾಲದ ಅಣು) ಕೋಣೆಯ ತಾಪಮಾನದಲ್ಲೂ ಅಯಸ್ಕಾಂತ ಎಂದು 2001ರಲ್ಲಿ ‘ನೇಚರ್’ನಲ್ಲೇ ಬಂದಿತ್ತು. 2006ರಲ್ಲಿ ಆ ಲೇಖನ ವಾಪಸ್ಸಾಯಿತು, ಸ್ಯಾಂಪಲ್‌ಗಳಲ್ಲಿ ಕಬ್ಬಿಣ ಸಿಕ್ಕಿತ್ತು. ಅಲ್ಲಿ ಅಳೆದ 500 ಕೆಲ್ವಿನ್ ಆಸುಪಾಸಿನ ಕ್ಯೂರಿ ತಾಪಮಾನ (ಅಯಸ್ಕಾಂತ ತನ್ನ ಕಾಂತತ್ವ ಕಳೆದುಕೊಳ್ಳುವ ತಾಪಮಾನ) ಕಬ್ಬಿಣದ ಕಾರ್ಬೈಡಿನದಕ್ಕೆ ಬಹಳ ಹತ್ತಿರ.

ಆದರೂ “ಎಲ್ಲವೂ ಕೊಳೆ” ಎಂದು ಒಂದೇ ಏಟಿಗೆ ತಳ್ಳಿಹಾಕುವುದು ನ್ಯಾಯವಲ್ಲ. ಈ ಚರ್ಚೆಯ ಒಂದು ಕೊಂಬೆ ನಮ್ಮ ಬೆಂಗಳೂರಿನಲ್ಲೇ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಎ. ಸುಂದರೇಶನ್, ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2006ರಲ್ಲಿ ಸೀರಿಯಂ, ಅಲ್ಯೂಮಿನಿಯಂ, ಸತು, ಇಂಡಿಯಂ, ತವರದ ಆಕ್ಸೈಡುಗಳ ನ್ಯಾನೋಕಣಗಳೆಲ್ಲವೂ ಕೋಣೆಯ ತಾಪಮಾನದಲ್ಲಿ ಕ್ಷೀಣ ಫೆರೋಮ್ಯಾಗ್ನೆಟಿಸಂ (ಕಬ್ಬಿಣದಂಥ ಕಾಂತತ್ವ) ತೋರಿಸುತ್ತವೆ, ಮೇಲ್ಮೈಯಲ್ಲಿನ ಆಮ್ಲಜನಕದ ಖಾಲಿ ಜಾಗಗಳು ಕಾರಣವಿರಬಹುದು ಎಂದು ವಾದಿಸಿದರು. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಬಗ್ಗೆಯೂ ರಾವ್ ಅವರ ಗುಂಪು 2009ರಲ್ಲಿ ಇಂಥ ಲಕ್ಷಣಗಳನ್ನು ವರದಿ ಮಾಡಿತು. ಮ್ಯಾಂಚೆಸ್ಟರ್ ಗುಂಪು 2010ರಲ್ಲಿ ತನ್ನ ಗ್ರಾಫೀನ್ ಹಾಳೆಗಳನ್ನು 2 ಕೆಲ್ವಿನ್‌ವರೆಗೆ ತಣಿಸಿಯೂ ಫೆರೋಮ್ಯಾಗ್ನೆಟಿಸಂ ಸಿಗಲಿಲ್ಲ ಎಂದಿತು. 2012ರಲ್ಲಿ ಅದೇ ಊರಿನವರು ಬೇಕೆಂದೇ ದೋಷಗಳನ್ನು ಮಾಡಿ ಅಳೆದರು. ಪ್ರತಿ ದೋಷಕ್ಕೂ ಒಂದು ಸ್ಪಿನ್ (ಎಲೆಕ್ಟ್ರಾನಿನ ಪುಟ್ಟ ಅಯಸ್ಕಾಂತ ಎನ್ನಿ) ಸಿಕ್ಕಿತು, ಆದರೆ ಆ ಸ್ಪಿನ್‌ಗಳು ಒಂದಕ್ಕೊಂದು ಕೈ ಹಿಡಿಯಲಿಲ್ಲ, ಬಿಡಿಬಿಡಿಯಾಗಿ ಪ್ಯಾರಾಮ್ಯಾಗ್ನೆಟಿಕ್ ಆಗಿಯೇ, ಅಂದರೆ ಹೊರಗಿನ ಕ್ಷೇತ್ರ ಇದ್ದಾಗ ಮಾತ್ರ ಅದರ ಕಡೆ ತಿರುಗುವಂತೆ, ಉಳಿದವು. ನನ್ನ ದೃಷ್ಟಿಯಲ್ಲಿ ನಿಮ್ಮ ಕೆಲಸಕ್ಕೆ ಅತಿ ಹತ್ತಿರದ ಪಾಠ ಈ 2012ರದ್ದು.

ದೋಷದ ವಾದ ನಿಲ್ಲುತ್ತದೆಯೇ?

ಗೈಡ್ ಹೇಳುವ ಗಂಧಕದ ಖಾಲಿ ಜಾಗಗಳನ್ನೂ ಲೆಕ್ಕಕ್ಕೆ ಹಾಕೋಣ. ಗ್ರಾಂಗೆ 0.005 ಇಎಂಯು ಎಂದರೆ ಪ್ರತಿ ಮಾಲಿಬ್ಡಿನಂ ಪರಮಾಣುವಿಗೆ ಸುಮಾರು 0.00014 ಬೋರ್ ಮ್ಯಾಗ್ನೆಟಾನ್ (ಪರಮಾಣು ಮಟ್ಟದ ಕಾಂತತ್ವದ ಏಕಮಾನ). ಪ್ರತಿ ದೋಷ ಒಂದು ಮ್ಯಾಗ್ನೆಟಾನ್ ಕೊಡುತ್ತದೆ ಎಂದುಕೊಂಡರೆ ಏಳು ಸಾವಿರ ಮಾಲಿಬ್ಡಿನಂಗೆ ಒಂದು ದೋಷ. ಅಷ್ಟು ದೋಷಗಳು ಸೋನಿಕೇಟ್ ಮಾಡಿದ ಹಾಳೆಯಲ್ಲಿ ಧಾರಾಳವಾಗಿರುತ್ತವೆ, ಎಣಿಕೆಯ ತೊಂದರೆ ಇಲ್ಲ. ತೊಂದರೆ ದೂರದ್ದು. ಹಾಳೆಯ ಮೇಲೆ ಅವನ್ನು ಸಮನಾಗಿ ಹರಡಿದರೆ ಒಂದರಿಂದ ಇನ್ನೊಂದಕ್ಕೆ 25 ನ್ಯಾನೋಮೀಟರ್, ಅಂದರೆ ಎಂಬತ್ತು ಪರಮಾಣು ಆಚೆ. ಅಷ್ಟು ದೂರದ ಎರಡು ಸ್ಪಿನ್‌ಗಳು ಅರೆವಾಹಕವೊಂದರಲ್ಲಿ ಕೋಣೆಯ ತಾಪಮಾನದ, ಅಂದರೆ 300 ಕೆಲ್ವಿನ್ ಶಾಖದ ಕುಲುಕಾಟವನ್ನು ತಾಳಿಕೊಂಡು ಒಂದೇ ದಿಕ್ಕಿಗೆ ನಿಲ್ಲಬೇಕು. ಅವುಗಳನ್ನು ಜೋಡಿಸುವ ಬಲ ಯಾವುದು? ಇದಕ್ಕೆ ಉತ್ತರವಿಲ್ಲದೆ ದೋಷದ ವಾದ ಮುಂದೆ ಹೋಗದು.

ಇನ್ನೂ ಒಂದು ಮಾತು. ಲೆಕ್ಕಾಚಾರಗಳ ಪ್ರಕಾರ ಒಂಟಿ ಗಂಧಕ ಹೋದ ಜಾಗಕ್ಕೆ ಸ್ಪಿನ್ನೇ ಇಲ್ಲ. ಹಾಳೆಯ ಝಿಗ್‌ಜ್ಯಾಗ್ ಅಂಚುಗಳಲ್ಲಿ, ಕೆಲವು ಸಂಕೀರ್ಣ ದೋಷಗಳಲ್ಲಿ ಇರಬಹುದು. ಹಾಗಾಗಿ ಗೈಡ್ ಜತೆ ಮಾತಾಡುವಾಗ “ಅಂಚುಗಳು” ಎಂದರೆ ಸ್ವಲ್ಪ ನೆಲೆ ಇದೆ, “ಗಂಧಕದ ಖಾಲಿ ಜಾಗ” ಎಂದರೆ ವಿಮರ್ಶಕರು ಸುಮ್ಮನೆ ಬಿಡುವುದಿಲ್ಲ.

ದೋಷದಿಂದ ಕಾಂತತ್ವ ಬಂದರೆ ಅದು ಹೆಚ್ಚಾಗಿ ಹೇಗಿರುತ್ತದೆ? ಕೋಣೆಯ ತಾಪಮಾನದಲ್ಲಿ ಬಹುತೇಕ ಕಾಣದು. ತಣಿಸಿದಂತೆ ಕ್ಯೂರಿ ನಿಯಮದ ಪ್ರಕಾರ, ಅಂದರೆ ತಾಪಮಾನಕ್ಕೆ ವಿಲೋಮವಾಗಿ, ಏರುತ್ತದೆ. 2 ಕೆಲ್ವಿನ್ನಿನಲ್ಲಿ, ಕೆಲವು ಟೆಸ್ಲಾ ಕ್ಷೇತ್ರದಲ್ಲಿ ಬಾಗಿ ಸ್ಯಾಚುರೇಟ್ ಆಗುತ್ತದೆ, ಲೂಪ್ ಇರುವುದಿಲ್ಲ. ನಿಮ್ಮ ಹಾಳೆಗಳಲ್ಲಿ ಈ ಭಾಗ ಇದ್ದರೆ ಅದು ನಿಜಕ್ಕೂ ಹಾಳೆಯದು, ಅದನ್ನು ಧೈರ್ಯವಾಗಿ ಬರೆಯಬಹುದು.

ಹಾಗಾದರೆ ಎರಡು ಆಯಾಮದ ಅಯಸ್ಕಾಂತ ಇಲ್ಲವೇ?

ಇದೆ. ನಿಮ್ಮ ಸೀನಿಯರ್ ಹೇಳಿದ ಪ್ರಮೇಯ ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲಿ ಸಾಧಿಸಿದ್ದು. ಅದು ಹೇಳುವುದು ಒಂದು ಷರತ್ತಿನ ಮೇಲೆ: ಸ್ಪಿನ್‌ಗಳಿಗೆ ಎಲ್ಲ ದಿಕ್ಕೂ ಒಂದೇ ಆಗಿದ್ದು, ಅವುಗಳ ನಡುವಿನ ಸೆಳೆತ ಅಕ್ಕಪಕ್ಕಕ್ಕಷ್ಟೇ ಸೀಮಿತವಾಗಿದ್ದರೆ, ಎರಡು ಆಯಾಮದಲ್ಲಿ ಸೊನ್ನೆಗಿಂತ ಮೇಲಿನ ಯಾವ ತಾಪಮಾನದಲ್ಲೂ ದೀರ್ಘ ವ್ಯವಸ್ಥೆ ನಿಲ್ಲದು. ಅತಿ ಕಡಿಮೆ ಶಕ್ತಿಯ ಸ್ಪಿನ್ ಅಲೆಗಳೇ ಅದನ್ನು ಕೆಡಿಸಿಬಿಡುತ್ತವೆ. ಆದರೆ ಸ್ಫಟಿಕ ಒಂದು ದಿಕ್ಕನ್ನು ಹೆಚ್ಚು ಇಷ್ಟಪಟ್ಟರೆ ಅಲೆ ಏಳಲು ಕನಿಷ್ಠ ಶಕ್ತಿಯ ಬೆಲೆ ತೆರಬೇಕಾಗುತ್ತದೆ, ವ್ಯವಸ್ಥೆ ಉಳಿಯುತ್ತದೆ. ಸ್ಪಿನ್ ಮೇಲಕ್ಕೆ ಅಥವಾ ಕೆಳಕ್ಕೆ ಮಾತ್ರ ನಿಲ್ಲುವ ಈಸಿಂಗ್ ಮಾದರಿ ಎರಡು ಆಯಾಮದಲ್ಲಿ ವ್ಯವಸ್ಥೆಗೊಳ್ಳುತ್ತದೆ ಎಂಬುದನ್ನು ಆನ್ಸಾಗರ್ 1944ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಪ್ರಮೇಯ ಸುಳ್ಳಲ್ಲ, ಅದನ್ನು ಷರತ್ತು ಬಿಟ್ಟು ಉದ್ಧರಿಸುವುದೇ ತಪ್ಪು.

2016ರಲ್ಲಿ ಸಿಯೋಲ್‌ನ ಗುಂಪು ಕಬ್ಬಿಣ, ರಂಜಕ, ಗಂಧಕ ಸೇರಿದ ಎಫ್‌ಇಪಿಎಸ್3 ಒಂದೇ ಪದರದವರೆಗೂ ಆ್ಯಂಟಿಫೆರೋಮ್ಯಾಗ್ನೆಟ್ (ಸ್ಪಿನ್‌ಗಳು ವಿರುದ್ಧ ದಿಕ್ಕಿಗೆ ಸಾಲುಗಟ್ಟಿ ಒಟ್ಟು ಸೊನ್ನೆಯಾಗುವಂಥದ್ದು) ಆಗಿ ಉಳಿಯುತ್ತದೆ ಎಂದು ರಾಮನ್ ರೋಹಿತದಿಂದ ತೋರಿಸಿತು, ಸುಮಾರು 118 ಕೆಲ್ವಿನ್‌ವರೆಗೆ. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಎಂಐಟಿಯವರು ಕ್ರೋಮಿಯಂ ಟ್ರೈಅಯೋಡೈಡ್ ಒಂದೇ ಪದರದಲ್ಲಿ ಫೆರೋಮ್ಯಾಗ್ನೆಟ್ ಎಂದು ಸಾಧಿಸಿದರು. ಅದೇ ವರ್ಷ ಬರ್ಕ್ಲಿಯ ಗುಂಪು ಕ್ರೋಮಿಯಂ ಜರ್ಮೇನಿಯಂ ಟೆಲ್ಯುರೈಡ್ ಎರಡು ಪದರಕ್ಕಿಳಿದರೂ ಫೆರೋಮ್ಯಾಗ್ನೆಟ್ ಎಂದಿತು. ಟ್ರೈಅಯೋಡೈಡಿನ ಚಮತ್ಕಾರ ಪದರದ ಎಣಿಕೆಯಲ್ಲಿದೆ: ಒಂದು ಪದರ ಫೆರೋಮ್ಯಾಗ್ನೆಟ್, ಎರಡು ಪದರ ಸೇರಿದರೆ ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ತಿರುಗಿ ಒಟ್ಟು ಸೊನ್ನೆ, ಮೂರಾದರೆ ಮತ್ತೆ ಕಾಂತತ್ವ.

ಇಲ್ಲಿ ಎರಡು ವಿಷಯ ಗಮನಿಸಿ. ಇವೆಲ್ಲ ಗಟ್ಟಿಯಾಗಿದ್ದಾಗಲೂ ಕಾಂತೀಯ ವಸ್ತುಗಳೇ, ಅವುಗಳಲ್ಲಿ ಕ್ರೋಮಿಯಂ ಅಥವಾ ಕಬ್ಬಿಣದ ಪರಮಾಣು ಪ್ರತಿ ಕೋಶದಲ್ಲೂ ಸಾಲಾಗಿ ಕುಳಿತಿದೆ. ತೆಳುವಾಗಿಸಿದ್ದರಿಂದ ಅವು ಅಯಸ್ಕಾಂತ ಆಗಲಿಲ್ಲ. ತೆಳುವಾದಂತೆ ಸಾಮಾನ್ಯವಾಗಿ ದುರ್ಬಲವೇ ಆಗುತ್ತವೆ. ಕ್ಯೂರಿ ತಾಪಮಾನ ಟ್ರೈಅಯೋಡೈಡಿಗೆ ಗಟ್ಟಿಯಲ್ಲಿ 61 ಕೆಲ್ವಿನ್, ಒಂದು ಪದರದಲ್ಲಿ 45. ಕಬ್ಬಿಣ ಜರ್ಮೇನಿಯಂ ಟೆಲ್ಯುರೈಡ್ ಗಟ್ಟಿಯಲ್ಲಿ 220 ಕೆಲ್ವಿನ್ ಆಸುಪಾಸು, ಒಂದು ಪದರದಲ್ಲಿ 130 ಆಸುಪಾಸು. 2018ರಲ್ಲಿ ಅದನ್ನು ಕೋಣೆಯ ತಾಪಮಾನಕ್ಕೆ ತಂದವರು ಅಯಾನು ಗೇಟ್ ಹಾಕಿ ಎಲೆಕ್ಟ್ರಾನ್ ತುಂಬಿ ತಂದರು. “ಏನನ್ನಾದರೂ ನ್ಯಾನೋ ಮಾಡಿದರೆ ಕಾಂತತ್ವ ಹುಟ್ಟುತ್ತದೆ” ಎಂಬ ಮಾತಿಗೆ ಇವುಗಳಿಂದ ಬೆಂಬಲ ಸಿಗುವುದಿಲ್ಲ.

ಎರಡನೆಯದು, ಇವನ್ನು ಯಾರೂ ವಿಎಸ್‌ಎಂನಲ್ಲಿ ಅಳೆಯಲಿಲ್ಲ. ಕ್ರೋಮಿಯಂ ಟ್ರೈಅಯೋಡೈಡಿನ 10 ಮೈಕ್ರೋಮೀಟರ್ ಉದ್ದಗಲದ ಒಂದು ಪದರದಲ್ಲಿ ಸುಮಾರು 49 ಕೋಟಿ ಕ್ರೋಮಿಯಂ ಪರಮಾಣು, ಒಂದೊಂದಕ್ಕೆ ಮೂರು ಮ್ಯಾಗ್ನೆಟಾನ್. ಕೂಡಿದರೆ ಒಂದು ಇಎಂಯುವಿನ ಲಕ್ಷ ಕೋಟಿ ಪಾಲಿನಲ್ಲಿ 14 ಪಾಲು. ವಿಎಸ್‌ಎಂಗಿಂತಲೂ ಸೂಕ್ಷ್ಮವಾದ ಸ್ಕ್ವಿಡ್ ಎಂಬ ಒಳ್ಳೆಯ ಯಂತ್ರ ಹಿಡಿಯಬಲ್ಲದ್ದಕ್ಕಿಂತ ಸುಮಾರು ಏಳು ನೂರು ಪಟ್ಟು ಕಡಿಮೆ. ಅದಕ್ಕೇ ಅವರು ಧ್ರುವೀಕರಿಸಿದ ಬೆಳಕು ಬಿಟ್ಟು, ಪ್ರತಿಫಲನದಲ್ಲಿ ಅದು ಎಷ್ಟು ತಿರುಗಿತು ಎಂದು ನೋಡುವ ಕೆರ್ ವಿಧಾನ ಬಳಸಿದರು. ಅದರಲ್ಲಿ ಬೆಳಕು ಬಿದ್ದ ಜಾಗದ ಸುದ್ದಿ ಮಾತ್ರ ಬರುತ್ತದೆ, ಮೂಲೆಯಲ್ಲಿ ಕುಳಿತ ಕಬ್ಬಿಣದ ಚೂರು ಬಾಯಿ ಹಾಕುವುದಿಲ್ಲ.

ಅಂಥ ಎಚ್ಚರದ ಲೋಕದಲ್ಲೂ ಜಗಳಗಳಿವೆ. ವೆನೇಡಿಯಂ ಡೈಸೆಲೆನೈಡ್ ಒಂದು ಪದರದಲ್ಲಿ ಕೋಣೆಯ ತಾಪಮಾನದ ಫೆರೋಮ್ಯಾಗ್ನೆಟ್ ಎಂದು 2018ರಲ್ಲಿ ಬಂತು. ಆಮೇಲೆ ಎಕ್ಸ್-ರೇ ವಿಧಾನಗಳಿಂದ ನೋಡಿದ ಹಲವರಿಗೆ ಅದು ಕಾಣಲಿಲ್ಲ.

ಈಗ ಮಾಡಬೇಕಾದದ್ದು

ಮೊದಲು ಖಾಲಿ ಓಟ. ಪುಡಿ ಹಾಕದೆ ಉಳಿದೆಲ್ಲವನ್ನೂ ಮಾಡಿ: ಅದೇ ದ್ರಾವಕ, ಅದೇ ಬೀಕರ್, ಅಷ್ಟೇ ಹೊತ್ತು ಸೋನಿಕೇಟರ್, ಅದೇ ಫಿಲ್ಟರ್, ಅದೇ ಓವನ್. ಕೊನೆಗೆ ಉಳಿದ ಫಿಲ್ಟರ್ ತುಂಡನ್ನು ಅಳೆಯಿರಿ. ಖಾಲಿ ಕ್ಯಾಪ್ಸೂಲ್ ಮತ್ತು ಟೆಫ್ಲಾನ್ ಟೇಪನ್ನೂ ಅಳೆಯಿರಿ. ಇದಕ್ಕೆ ದುಡ್ಡು ಬೇಡ, ಒಂದು ವಾರ ಸಾಕು. ಬಹಳ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ತೂಕ ಬದಲಿಸಿ. ಒಂದೇ ಬ್ಯಾಚಿನಿಂದ 5, 10, 20 ಮಿಲಿಗ್ರಾಂ ತೆಗೆದುಕೊಳ್ಳಿ. ಕಾಂತತ್ವ ಹಾಳೆಯದಾದರೆ ಒಟ್ಟು ಇಎಂಯು ತೂಕದ ಜತೆ ಏರಬೇಕು. ಎಲ್ಲೋ ಬಿದ್ದ ನಾಲ್ಕು ಚೂರುಗಳಾದರೆ ಏರಿಳಿತಕ್ಕೆ ಲಯವೇ ಇರದು. ಆಮೇಲೆ ಹಾಳೆಗಳು ತೇಲುತ್ತಿರುವ ದ್ರವದ ಬಾಟಲಿಯ ಹೊರಗೆ ಬಲವಾದ ನಿಯೋಡೈಮಿಯಂ ಅಯಸ್ಕಾಂತ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಯಸ್ಕಾಂತ ತೆಗೆಯದೆ ಮೇಲಿನ ದ್ರವವನ್ನು ಪ್ಲಾಸ್ಟಿಕ್ ಪಿಪೆಟ್‌ನಿಂದ ಹೀರಿ ಒಣಗಿಸಿ ಅಳೆಯಿರಿ. ಲೂಪ್ ಕುಸಿದರೆ ಉತ್ತರ ಸಿಕ್ಕಿತು. ಕುಸಿಯದಿದ್ದರೆ ಇನ್ನೂ ಏನೂ ಸಾಬೀತಾಗಿಲ್ಲ, ಕಬ್ಬಿಣ ಹಾಳೆಗೆ ಅಂಟಿಕೊಂಡೇ ಇರಬಹುದು. ಆಗ ಒಳ್ಳೆಯ ದರ್ಜೆಯ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ನೋಡಿ. ಮಾಲಿಬ್ಡಿನಂ ಡೈಸಲ್ಫೈಡ್ ಅದಕ್ಕೆ ಜಗ್ಗದು, ಕಬ್ಬಿಣ ಮತ್ತು ಅದರ ಆಕ್ಸೈಡಿನ ಬಹುಪಾಲು ಕರಗುತ್ತದೆ.

ತೀರ್ಪು ಕೊಡುವ ಪರೀಕ್ಷೆ ಮಾತ್ರ ಐಸಿಪಿ-ಎಂಎಸ್, ಅತ್ಯಲ್ಪ ಪ್ರಮಾಣದ ಧಾತುಗಳನ್ನೂ ಅಳೆಯುವ ವಿಧಾನ. ಮೂಲ ಪುಡಿ, ಹಾಳೆಗಳು, ಖಾಲಿ ಓಟದ ಶೇಷ ಮೂರನ್ನೂ ಆಮ್ಲದಲ್ಲಿ ಕರಗಿಸಿ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಕೇಳಿ. ಒಂದು ಗ್ರಾಂ ಹಾಳೆಯಲ್ಲಿ ಎಷ್ಟು ಗ್ರಾಂ ಕಬ್ಬಿಣ ಬಂತೋ ಅದನ್ನು 218ರಿಂದ ಗುಣಿಸಿ. ಆ ಗುಣಲಬ್ಧ ನಿಮ್ಮ ಸ್ಯಾಚುರೇಶನ್‌ಗಿಂತ ಬಹಳ ಕಡಿಮೆ ಇದ್ದರೆ ಮಾತ್ರ ದೋಷ, ಅಂಚು ಎಂಬ ಮಾತಿಗೆ ಬಾಯಿ ತೆರೆಯಬಹುದು. ಸಮ ಅಥವಾ ಹೆಚ್ಚಿದ್ದರೆ ಮಾತಿಲ್ಲ.

ತಣ್ಣಗಿನ ಅಳತೆಗೆ ಯುಜಿಸಿ-ಡಿಎಇ ಸಂಸ್ಥೆಯ ಇಂದೋರ್ ಕೇಂದ್ರಕ್ಕೆ ಪ್ರಸ್ತಾವ ಬರೆಯಿರಿ, ವಿಶ್ವವಿದ್ಯಾಲಯದವರಿಗಾಗಿಯೇ ಇರುವ ಸೌಲಭ್ಯ ಅದು. ಸಂಶೋಧನಾ ಯಂತ್ರಗಳ ಪಟ್ಟಿ ಇರುವ ಐ-ಸ್ಟೆಮ್ ಪೋರ್ಟಲಿನಲ್ಲಿ ಹುಡುಕಿದರೆ ದುಡ್ಡು ಕೊಟ್ಟು ಬಳಸಬಹುದಾದ ಯಂತ್ರಗಳು ಬೆಂಗಳೂರಿನಲ್ಲೂ ಸಿಗುತ್ತವೆ. ಹೋದಾಗ ಕ್ಷೇತ್ರವಿಲ್ಲದೆ ತಣಿಸಿಯೂ ಕ್ಷೇತ್ರದಲ್ಲಿ ತಣಿಸಿಯೂ 2 ಕೆಲ್ವಿನ್‌ನಿಂದ 300ರವರೆಗೆ ಅಳೆಯಿರಿ. 120 ಕೆಲ್ವಿನ್ ಹತ್ತಿರ ಮೆಟ್ಟಿಲು ಕಂಡರೆ ಅದು ಮ್ಯಾಗ್ನೆಟೈಟಿನ ಗುರುತಾದ ವರ್ವೇ ಬದಲಾವಣೆ, ತಪ್ಪೊಪ್ಪಿಗೆ ಇದ್ದ ಹಾಗೆ. ಕಾಣದಿದ್ದರೆ ಮ್ಯಾಗ್ನೆಟೈಟ್ ಇಲ್ಲ ಎಂದಲ್ಲ, ಬಹಳ ಸಣ್ಣ ಕಣಗಳಲ್ಲಿ ಅದು ಮಸುಕಾಗುತ್ತದೆ. ಇನ್ನೊಂದು ಎಚ್ಚರ: ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ಗಳಲ್ಲಿ ದೊಡ್ಡ ಕ್ಷೇತ್ರಕ್ಕೆ ಹೋಗಿ ಬಂದ ಮೇಲೆ ಹತ್ತಿಪ್ಪತ್ತು ಓರ್‌ಸ್ಟೆಡ್ ಉಳಿಕೆ ಇರುತ್ತದೆ, ಯಂತ್ರ ಅದನ್ನು ತೋರಿಸುವುದಿಲ್ಲ. 20 ಓರ್‌ಸ್ಟೆಡ್ ಕೊಯರ್ಸಿವಿಟಿ ಸಿಕ್ಕಿತೆಂದು ಸಂಭ್ರಮಿಸುವ ಮೊದಲು ಅದೇ ಯಂತ್ರದಲ್ಲಿ ಪಲ್ಲೇಡಿಯಂ ತುಂಡನ್ನು ಅಳೆದು ನೋಡಿ. ಲೂಪೇ ಇರಬಾರದ ಅದರಲ್ಲೂ ಲೂಪ್ ಬಂದರೆ ಅದು ಮ್ಯಾಗ್ನೆಟ್ಟಿನದು.

ಒಂದು ವರ್ಷದಲ್ಲಿ ಯಾವ ದಾರಿ?

ಈಗಿರುವಂತೆಯೇ ಬರೆದರೆ ಎಲ್ಲೋ ಒಂದು ಕಡೆ ಪ್ರಕಟವಾದೀತು. ಆದರೆ ವೈವಾದಲ್ಲಿ ಕಾಂತತ್ವ ಗೊತ್ತಿರುವ ಒಬ್ಬರೇ ಒಬ್ಬ ಪರೀಕ್ಷಕರು ಬಂದರೂ “ಐಸಿಪಿ ಮಾಡಿದ್ದೀರಾ?” ಎಂಬ ಪ್ರಶ್ನೆ ಮೊದಲನೆಯದು. ಗೈಡ್‌ಗೂ ಹೀಗೇ ಹೇಳಿ. “ನೀವು ತಪ್ಪು” ಎನ್ನಬೇಡಿ, “ರಿವ್ಯೂವರ್ ಕೇಳ್ತಾರೆ ಸರ್, ಮೊದಲೇ ಮಾಡಿಟ್ಟುಕೊಳ್ಳೋಣ” ಎನ್ನಿ. ಒಪ್ಪದ ಗೈಡ್‌ಗಳು ಕಡಿಮೆ.

ನಾನಾದರೆ ಪರೀಕ್ಷೆಗಳನ್ನು ಮಾಡಿ ಅವನ್ನೇ ಅಧ್ಯಾಯವಾಗಿಸುತ್ತೇನೆ. ದ್ರವದಲ್ಲಿ ಬಿಡಿಸಿದ ಹಾಳೆಗಳಿಗೆ ಯಾವ ಹಂತದಲ್ಲಿ ಎಷ್ಟು ಕಬ್ಬಿಣ ಸೇರುತ್ತದೆ, ತೆಗೆದ ಮೇಲೆ ಉಳಿಯುವ ಪ್ಯಾರಾಮ್ಯಾಗ್ನೆಟಿಸಂ ಎಷ್ಟು, ಪದರ ಕಡಿಮೆಯಾದಂತೆ ಅದು ಏರುತ್ತದೆಯೇ ಎಂಬುದನ್ನು ಅಂಕಿಗಳ ಸಮೇತ ಕೊಟ್ಟರೆ ಅದು ಬೇರೆಯವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಪೇಪರ್. ಅಪಾಯ ಒಂದೇ: ಹೊಳೆಯುವ ಶೀರ್ಷಿಕೆ ಸಿಗದು, ದೊಡ್ಡ ಪತ್ರಿಕೆಗಳು ತೆಗೆದುಕೊಳ್ಳದಿರಬಹುದು.

ವೆನೇಡಿಯಂ ಅಥವಾ ಕಬ್ಬಿಣವನ್ನು ಬೇಕೆಂದೇ ಹಾಳೆಗೆ ಅಲ್ಪ ಪ್ರಮಾಣದಲ್ಲಿ ಬೆರೆಸುವ (ಡೋಪ್ ಮಾಡುವ) ದಾರಿಯೂ ಇದೆ, ಕೆಲವರು ಅದನ್ನೇ ಹಿಡಿದಿದ್ದಾರೆ. ಸೇರಿಸಿದ ಪರಮಾಣು ಹಾಳೆಯೊಳಗೆ ಕುಳಿತಿದೆಯೋ, ಹೊರಗೆ ಗುಂಪುಗಟ್ಟಿದೆಯೋ ಎಂದು ತೋರಿಸಲು ಪರಮಾಣು ಮಟ್ಟದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಗುತ್ತದೆ. ಒಂದು ವರ್ಷ ಉಳಿದಿರುವಾಗ ನಾನಂತೂ ಅತ್ತ ಹೋಗುವುದಿಲ್ಲ.

ನಿಜವಾದ ಪದರ ಅಯಸ್ಕಾಂತಗಳ ಮೇಲೆ ಮನಸ್ಸಿದ್ದರೆ ಕ್ರೋಮಿಯಂ ಟ್ರೈಅಯೋಡೈಡ್ ಮುಟ್ಟಬೇಡಿ. ತೆಳು ಪದರ ಗಾಳಿಗೆ ನಿಮಿಷಗಳಲ್ಲಿ ಕೆಡುತ್ತದೆ, ಗ್ಲವ್‌ಬಾಕ್ಸ್ ಇಲ್ಲದೆ ಆಗದ ಕೆಲಸ. ಮ್ಯಾಂಗನೀಸ್, ಕಬ್ಬಿಣ, ನಿಕ್ಕಲ್‌ಗಳ ಥಯೋಫಾಸ್ಫೇಟುಗಳು (ಮೇಲೆ ಹೇಳಿದ ಎಫ್‌ಇಪಿಎಸ್3 ಇದೇ ಬಳಗದ್ದು) ಅದಕ್ಕಿಂತ ಗಟ್ಟಿಮುಟ್ಟು, ಗಾಳಿಯನ್ನು ತಕ್ಕಮಟ್ಟಿಗೆ ತಾಳುತ್ತವೆ. ವ್ಯವಸ್ಥೆಗೊಳ್ಳುವುದು ಮ್ಯಾಂಗನೀಸಿನದು 78, ನಿಕ್ಕಲ್‌ನದು 155 ಕೆಲ್ವಿನ್ ಹತ್ತಿರ. ಕಬ್ಬಿಣದ್ದು ಮತ್ತು ನಿಕ್ಕಲಿನದು ದ್ರವ ನೈಟ್ರೋಜನ್ನಿನ ತಾಪಮಾನದಲ್ಲೇ ಸಿಗುವುದು ನಿಮ್ಮಂಥವರಿಗೆ ಅನುಕೂಲ, ರಾಮನ್ ಯಂತ್ರಕ್ಕೆ ನೈಟ್ರೋಜನ್ ಕ್ರಯೋಸ್ಟಾಟ್ ಜೋಡಿಸಿದರೆ ಸಾಕು. ಸ್ಫಟಿಕ ಬೆಳೆಸುವವರು ಗೊತ್ತಿದ್ದರೆ ಅವರಿಂದಲೇ ಪಡೆಯಿರಿ. ಮುಚ್ಚಿದ ಕ್ವಾರ್ಟ್ಸ್ ಕೊಳವೆಯಲ್ಲಿ ರಂಜಕ ಮತ್ತು ಗಂಧಕವನ್ನು ಬಿಸಿಮಾಡುವಾಗ ಒತ್ತಡ ಏರಿ ಕೊಳವೆ ಸಿಡಿಯುವ ಅಪಾಯ ಇದ್ದೇ ಇದೆ. ಅನುಭವ ಇಲ್ಲದೆ ಒಬ್ಬರೇ ಮಾಡುವ ಕೆಲಸ ಅದಲ್ಲ.

ಸಮ್ಮೇಳನಕ್ಕೆ ಕಳಿಸಿದ ಸಾರಾಂಶದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಸಂಘಟಕರಿಗೆ ಬರೆದು ಶೀರ್ಷಿಕೆ ಬದಲಿಸಬಹುದಾ ಎಂದು ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೂ ಪೋಸ್ಟರ್ ನಿಮ್ಮ ಕೈಯಲ್ಲಿದೆ. ಖಾಲಿ ಓಟದ ಲೂಪನ್ನು ಹಾಳೆಗಳ ಲೂಪಿನ ಪಕ್ಕದಲ್ಲೇ, ಅದೇ ಅಳತೆಗೋಲಿನಲ್ಲಿ ಹಾಕಿ. ಲಂಬ ಅಕ್ಷದಲ್ಲಿ ಗ್ರಾಂಗೆ ಇಷ್ಟು ಎಂದಲ್ಲ, ಯಂತ್ರ ಕೊಟ್ಟ ಒಟ್ಟು ಇಎಂಯುವನ್ನೇ ಬರೆಯಿರಿ.